ಬಿಡ್ತು ಅನ್ನಬೇಡಿ

ನಮ್ಮೂರ ಕಡೆ ಒಂದು ರೂಢಿ ಇದೆ. ಮನೆಯಲ್ಲಿ ಯಾರಾದರೂ ಸಾವಿನ ಮಾತು ಆಡಿದರೆ ಪಕ್ಕದಲ್ಲಿದ್ದವರು ತಕ್ಷಣ "ಬಿಡ್ತು ಅನ್ನು" ಅಂತಾರೆ. ಆಡಿದವರು "ಬಿಡ್ತು" ಅಂದರೆ ಮುಗೀತು, ಆ ಮಾತು ವಾಪಸ್ ಹೋಯ್ತು ಅಂತ ಲೆಕ್ಕ. ನಮ್ಮ ಇಂಜಿನಿಯರುಗಳ ಭಾಷೆಯಲ್ಲಿ ಹೇಳೋದಾದ್ರೆ ಕಂಟ್ರೋಲ್ ಝಡ್. ಇದರಲ್ಲಿ ಪ್ರೀತಿ ಇದೆ, ಅನುಮಾನ ಬೇಡ. ನಮ್ಮಜ್ಜಿ ದಿನಕ್ಕೆ ಹತ್ತು ಸಲ ನನ್ನ ಬಾಯಲ್ಲಿ ಬಿಡ್ತು ಅನ್ನಿಸುತ್ತಿದ್ದರು. ಆದರೆ ಹದಿನೇಳು ವರ್ಷದ ಹುಡುಗಿಯೊಬ್ಬಳು "ನಾನಿಲ್ಲದಿದ್ರೆ ನಿಮಗೆಲ್ಲ ಆರಾಮು" ಅಂದಾಗ ನಾವು ಬಿಡ್ತು ಅನ್ನಿಸಿದರೆ, ಮಾತು ವಾಪಸ್ ಹೋಗಲ್ಲ, ಒಳಗೆ ಹೋಗುತ್ತೆ. ಮತ್ತೆ ಅವಳು ಆ ಮಾತನ್ನ ನಮ್ಮ ಮುಂದೆ ಆಡಲ್ಲ, ಅಷ್ಟೇ.

ಇದನ್ನು ಓದುತ್ತಿರುವ ನಿಮ್ಮಲ್ಲಿ ಬಹಳ ಜನ ನನ್ನ ಹಾಗೇ ಬೆಂಗಳೂರಲ್ಲಿ ಕೆಲಸ, ಊರಲ್ಲಿ ಮನೆ ಇರುವವರು. ಮದುವೆ ಆಗಿಲ್ಲ ಅಥವಾ ಈಗಷ್ಟೇ ಆಗಿದೆ, ಹದಿಹರೆಯದ ಮಕ್ಕಳ ವಿಷಯ ನಮಗ್ಯಾಕೆ ಅಂತ ಅನ್ನಿಸಬಹುದು. ಸ್ವಲ್ಪ ಯೋಚನೆ ಮಾಡಿ. ಊರಲ್ಲಿ ಆಧಾರ್ ಲಿಂಕ್ ಆಗದಿದ್ರೆ ಫೋನ್ ಯಾರಿಗೆ ಬರುತ್ತೆ? ಸಿಇಟಿ ಆಪ್ಷನ್ ಎಂಟ್ರಿಗೆ? ಚಿಕ್ಕಪ್ಪನ ಸ್ಕ್ಯಾನಿಂಗ್ ರಿಪೋರ್ಟ್ ಯಾರ ವಾಟ್ಸಾಪಿಗೆ ಬಂದು ಬೀಳುತ್ತೆ? ಬೆಂಗಳೂರಲ್ಲಿರೋ, ಇಂಗ್ಲಿಷ್ ಬರೋ, ಓದಿಕೊಂಡಿರೋ ಮಗನಿಗೆ, ತಂಗಿಗೆ, ಸೋದರಮಾವನಿಗೆ. ಆಫೀಸಿನಲ್ಲಿ ಆನ್-ಕಾಲ್ ಡ್ಯೂಟಿಗೆ ರೋಸ್ಟರ್ ಇರುತ್ತೆ, ಸರ್ವರ್ ಬಿದ್ದರೆ ಏನು ಮಾಡಬೇಕು ಅಂತ ಬರೆದಿಟ್ಟ ಡಾಕ್ಯುಮೆಂಟ್ ಇರುತ್ತೆ. ಕುಟುಂಬದ ಆನ್-ಕಾಲ್‌ಗೆ ರೋಸ್ಟರ್ ಇಲ್ಲ. ವರ್ಷವಿಡೀ ನಾವೇ.

ನನಗೆ ಆ ಫೋನು ಬಂದಿದ್ದು ಒಂದು ಜನವರಿಯ ರಾತ್ರಿ. ಅಕ್ಕನ ಮಗಳು ಆಗ ಎರಡನೇ ಪಿಯುಸಿ ಸೈನ್ಸು, ಬೇರೆ ಜಿಲ್ಲೆಯ ಒಂದು ರೆಸಿಡೆನ್ಷಿಯಲ್ ಕಾಲೇಜಿನ ಹಾಸ್ಟೆಲಲ್ಲಿದ್ದಳು. ಪ್ರತಿವಾರ ಟೆಸ್ಟು, ಟೆಸ್ಟಿನ ಮಾರ್ಕ್ಸ್ ಪ್ರಕಾರ ಸೆಕ್ಷನ್ ಬದಲಾಗುವ ಜಾಗ. ಎ ಸೆಕ್ಷನ್‌ನಿಂದ ಸಿಗೆ ಬಂದ ಮೇಲೆ ಊಟ ಕಡಿಮೆ ಮಾಡಿದ್ದಳಂತೆ, ರಾತ್ರಿ ನಿದ್ದೆ ಇಲ್ಲವಂತೆ, ತನ್ನ ಹೊಸ ಜಾಮಿಟ್ರಿ ಬಾಕ್ಸು, ಇಷ್ಟದ ಚೂಡಿದಾರ ಎಲ್ಲ ರೂಮ್‌ಮೇಟಿಗೆ ಕೊಟ್ಟುಬಿಟ್ಟಿದ್ದಳಂತೆ. ಆ ರೂಮ್‌ಮೇಟ್ ಹುಡುಗಿ ಗಾಬರಿಯಾಗಿ ವಾರ್ಡನ್‌ಗೆ ಹೇಳಿದಳು. ವಾರ್ಡನ್ ಭಾವನಿಗೆ ಫೋನ್ ಮಾಡಿ "ಇವತ್ತೇ ಬಂದು ಕರ್ಕೊಂಡು ಹೋಗಿ" ಅಂದರು. ಯಾಕೆ ಅಂತ ಸರಿಯಾಗಿ ಹೇಳಲೂ ಇಲ್ಲ. ಭಾವ ಬಾಡಿಗೆ ಕಾರು ಮಾಡಿಕೊಂಡು ಹೋಗಿ ಸಂಜೆಗೆ ಮನೆಗೆ ಕರೆತಂದಿದ್ದರು.

"ಏನು ಕೇಳಿದ್ರೂ ಬೇಜಾರು ಅಂತಾಳೆ ಕಣೋ, ಇನ್ನೇನೂ ಹೇಳಲ್ಲ" ಅಂದಳು ಅಕ್ಕ.

ಈ ಬೇಜಾರು ಅನ್ನೋ ಪದ ನೋಡಿ. ಪಿಕ್ಚರ್ ಚೆನ್ನಾಗಿಲ್ಲದಿದ್ರೂ ಬೇಜಾರು, ಕರೆಂಟ್ ಹೋದರೂ ಬೇಜಾರು, ಆರ್‌ಸಿಬಿ ಸೋತರೂ ಬೇಜಾರು. ಬದುಕೋದೇ ಬೇಡ ಅನ್ನಿಸಿದಾಗಲೂ ನಮ್ಮ ಮಕ್ಕಳ ಬಾಯಲ್ಲಿ ಬರೋದು ಅದೇ ಪದ. ಖಿನ್ನತೆ ಅನ್ನೋದು ಪೇಪರಿನ ಪದ, ಡಿಪ್ರೆಷನ್ ಅನ್ನೋದು ಇನ್‌ಸ್ಟಾಗ್ರಾಮಿನ ಪದ. ಮನೆಯಲ್ಲಿ ಅಮ್ಮನಿಗೆ ಹೇಳೋಕೆ ಇರೋದು ಬೇಜಾರು ಒಂದೇ. ಹಾಗಾಗಿ ಅದು ಯಾವ ಬೇಜಾರು ಅಂತ ಕೇಳಿ ತಿಳಿಯೋ ಕೆಲಸ ದೊಡ್ಡವರದ್ದು. ಎರಡು ವಾರದಿಂದ ಊಟ ನಿದ್ದೆ ಕೆಟ್ಟಿದೆಯಾ, ಗೆಳತಿಯರ ಜೊತೆ ಮಾತು ಬಿಟ್ಟಿದ್ದಾಳಾ, ಇಷ್ಟದ ವಸ್ತು ಕೊಟ್ಟುಬಿಡ್ತಿದ್ದಾಳಾ, ಸುಮ್ಮಸುಮ್ಮನೆ ಎಲ್ಲರ ಹತ್ತಿರ ಕ್ಷಮೆ ಕೇಳ್ತಿದ್ದಾಳಾ. ಇವೆಲ್ಲ ಸೇರಿದರೆ ಅದು ಕರೆಂಟ್ ಹೋದ ಬೇಜಾರಲ್ಲ. ಹುಡುಗರಲ್ಲಿ ಇದೇ ಬೇಜಾರು ಎಷ್ಟೋ ಸಲ ಸಿಟ್ಟಿನ ರೂಪದಲ್ಲಿ ಬರುತ್ತೆ, ಬಾಗಿಲು ದಬಾರ್ ಅನ್ನಿಸೋದು, ಮಾತಿಗೆ ಮುಂಚೆ ರೇಗೋದು. ಅವನಿಗೆ ನಾವು ಕೊಬ್ಬು ಅಂತ ಹೆಸರಿಟ್ಟಿರ್ತೀವಿ.

ಅಕ್ಕನ ಫೋನ್ ಇಟ್ಟ ಮೇಲೆ ನಾನು 14416ಕ್ಕೆ ಮಾಡಿದೆ. ಇದು ಟೆಲಿ-ಮಾನಸ್. ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ, 2022ರ ಅಕ್ಟೋಬರ್ 10ರಂದು ಶುರುವಾಯಿತು. ದೇಶದ ಇಡೀ ವ್ಯವಸ್ಥೆಗೆ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸೇ. ತಂತ್ರಜ್ಞಾನದ ಕೆಲಸಕ್ಕೆ ಇಲ್ಲಿನ ಟ್ರಿಪಲ್ ಐಟಿ ಬೆಂಗಳೂರಿನವರು ಕೈಜೋಡಿಸಿದ್ದಾರೆ. ದಿನದ 24 ಗಂಟೆಯೂ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ತೊಂದರೆಯಲ್ಲಿರುವವರೇ ಮಾಡಬೇಕು ಅಂತೇನಿಲ್ಲ, ಮನೆಯವರೂ ಮಾಡಬಹುದು. ಮೊದಲು ಮಾತಾಡೋದು ತರಬೇತಿ ಪಡೆದ ಆಪ್ತ ಸಮಾಲೋಚಕರು, ಬೇಕಾದರೆ ಅವರು ಮೇಲಿನ ಹಂತದಲ್ಲಿ ವೈದ್ಯರಿಗೆ ಜೋಡಿಸುತ್ತಾರೆ.

ಆ ಕಡೆ ಇದ್ದ ಹೆಣ್ಣುಮಗಳು ನನ್ನ ಕತೆ ಪೂರ್ತಿ ಕೇಳಲಿಲ್ಲ. ಮಧ್ಯದಲ್ಲೇ ನಿಲ್ಲಿಸಿ ಕೇಳಿದ್ದು ಇಷ್ಟು. "ಸರ್, ಈಗ ಈ ನಿಮಿಷ ಮಗು ಪಕ್ಕ ಯಾರಿದ್ದಾರೆ? ಸಾಯೋ ಯೋಚನೆ ಬರ್ತಿದೆಯಾ ಅಂತ ಯಾರಾದ್ರೂ ಅವಳನ್ನ ಬಾಯಿಬಿಟ್ಟು ಕೇಳಿದ್ದಾರಾ?"

ಯಾರೂ ಕೇಳಿರಲಿಲ್ಲ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತೆ ಅಂತ ಎಲ್ಲ ಮನೆಯಲ್ಲೂ ಇರೋ ಭಯ. ಆದರೆ ಈ ವಿಷಯದಲ್ಲಿ ಕೆಲಸ ಮಾಡುವ ವೈದ್ಯರು ವರ್ಷಗಳಿಂದ ಹೇಳ್ತಾ ಬಂದಿರೋದು ಉಲ್ಟಾ: ನೇರವಾಗಿ ಕೇಳಿದರೆ ಆ ಯೋಚನೆ ಹುಟ್ಟಲ್ಲ, ಇದ್ದರೆ ಹೊರಗೆ ಬರುತ್ತೆ. ಒಬ್ಬರೇ ಹೊತ್ತುಕೊಂಡಿದ್ದನ್ನ ಇಳಿಸೋಕೆ ಒಂದು ಜಾಗ ಸಿಗುತ್ತೆ.

ಬೆಂಗಳೂರಿಂದ ನಾನು ಫೋನಲ್ಲಿ ಕೇಳೋದಕ್ಕಿಂತ ಪಕ್ಕದಲ್ಲಿರೋರು ಕೇಳಿದರೆ ಒಳ್ಳೇದು ಅಂದರು ಅವರು. ಅಕ್ಕನಿಗೆ ಹೇಳಿದೆ. "ನನ್ನ ಮಗಳಿಗೆ ನನ್ನ ಬಾಯಿಂದ ಆ ಮಾತು ಹೆಂಗೋ ಕೇಳ್ಲಿ? ಬಿಡ್ತು ಅನ್ನು" ಅಂದಳು. ನಾನು ಬಿಡ್ತು ಅನ್ನಲಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು.

ಆಮೇಲೆ ನಡೆದಿದ್ದನ್ನ ಅಕ್ಕನೇ ಹೇಳಿದ್ದು. ಮಗಳನ್ನ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚುತ್ತಾ, ಮುಖ ನೋಡೋಕೆ ಧೈರ್ಯ ಸಾಲದೆ ಹಿಂದಿನಿಂದಲೇ ಕೇಳಿದಳಂತೆ. "ಸತ್ತು ಹೋಗಣ ಅಂತ ಅನ್ನಿಸುತ್ತೇನವ್ವಾ?" ತುಂಬಾ ಹೊತ್ತು ಉತ್ತರ ಇಲ್ಲ. ಆಮೇಲೆ "ಹೂಂ" ಅಂದಳಂತೆ. ಅಕ್ಕ ಬೈಯಲಿಲ್ಲ, ಆಣೆ ಹಾಕಿಸಿಕೊಳ್ಳಲಿಲ್ಲ, "ನಮಗೆ ಇಷ್ಟು ಕಷ್ಟಪಟ್ಟು ಸಾಕಿದ್ದಕ್ಕೆ ಇದೇನಾ" ಅನ್ನಲಿಲ್ಲ. "ಯಾವಾಗಿಂದ?" ಅಂದಳು. ದಸರಾ ರಜೆಯಿಂದ ಅಂತೆ. ದಸರಾ ರಜೆಯಲ್ಲಿ ಅವಳು ಮನೆಯಲ್ಲೇ ಇದ್ದಳು. "ನಾನಿಲ್ಲದಿದ್ರೆ ಆರಾಮು" ಅನ್ನೋ ಮಾತು ಆಗಲೇ ಆಡಿದ್ದಳು, ಅಜ್ಜಿ ಬಿಡ್ತು ಅನ್ನಿಸಿದ್ದರು.

ಹತ್ತನೇ ಕ್ಲಾಸಿಗಿಂತ ಮುಂದೆ ಓದದ ನನ್ನ ಅಕ್ಕ ಆ ರಾತ್ರಿ ಮಾಡಿದ್ದನ್ನ ನಾನು ಸಣ್ಣ ಕೆಲಸ ಅಂತ ಯಾವತ್ತೂ ಅನ್ನಲ್ಲ.

ಸಹಾಯವಾಣಿಯವರು ಹೇಳಿದ ಎರಡನೇ ವಿಷಯ, ಒಂಟಿಯಾಗಿ ಬಿಡಬೇಡಿ, ಮನೆಯಲ್ಲಿ ಅಪಾಯ ಆಗಬಹುದಾದ್ದನ್ನ ಕೈಗೆ ಸಿಗದ ಹಾಗೆ ಮಾಡಿ. ಊರಿನ ಮನೆಗಳಲ್ಲಿ ಹೊಲಕ್ಕೆ ಹೊಡೆಯೋ ವಿಷಕ್ಕೂ ಔಷಧಿ ಅಂತಲೇ ಹೆಸರು, ಅದು ರಾಗಿ ಚೀಲದ ಪಕ್ಕ ಆರಾಮಾಗಿ ಕೂತಿರುತ್ತೆ. ಭಾವ ಅವತ್ತೇ ರಾತ್ರಿ ಅದನ್ನೂ, ಅಜ್ಜಿಯ ಬಿಪಿ ಮಾತ್ರೆ ಡಬ್ಬಿಯನ್ನೂ ಎತ್ತಿ ಪಕ್ಕದ ಮನೆಯ ಬೀರುವಿಗೆ ಇಟ್ಟು ಬೀಗ ಹಾಕಿಸಿದರು. ಇದು ಮಗಳ ಮೇಲಿನ ಅನುಮಾನ ಅಲ್ಲ. ತೀವ್ರವಾದ ಆ ಘಳಿಗೆ ಎಷ್ಟೋ ಸಲ ಸ್ವಲ್ಪ ಹೊತ್ತಿನದ್ದು, ಬಂದು ಹೋಗುವಂಥದ್ದು. ಆ ಹೊತ್ತಲ್ಲಿ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತೆ. ಕೀಟನಾಶಕಗಳನ್ನು ಜನರ ಕೈಗೆ ಸುಲಭವಾಗಿ ಸಿಗದಂತೆ ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳೋದೂ ಇದಕ್ಕೇ. ಹದಿಹರೆಯದ ಮಕ್ಕಳಿರೋ ಎಲ್ಲ ರೈತರ ಮನೆಯಲ್ಲೂ, ಏನೂ ಸಮಸ್ಯೆ ಇಲ್ಲದಿದ್ದಾಗಲೂ, ಆ ಬೀಗ ಇರಬೇಕು.

ಮೂರನೇದು, ಬೆಳಗಾಗೋವರೆಗೆ ಕಾಯಬಹುದಾ ಬೇಡವಾ ಅನ್ನೋದು. ಈಗಲೇ ಏನಾದರೂ ಮಾಡಿಕೊಳ್ಳುವ ಯೋಚನೆ, ತಯಾರಿ ಇದ್ದರೆ ಅಥವಾ ಈಗಾಗಲೇ ಏನಾದರೂ ಮಾಡಿಕೊಂಡಿದ್ದರೆ ಫೋನಿನ ಕೆಲಸ ಮುಗೀತು. 108ಕ್ಕೆ ಅಥವಾ 112ಕ್ಕೆ ಮಾಡಿ, ಇಲ್ಲಾಂದ್ರೆ ಸಿಕ್ಕ ಗಾಡಿಯಲ್ಲಿ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಬೆಂಗಳೂರಲ್ಲಿದ್ದರೆ ನಿಮ್ಹಾನ್ಸಿನ ತುರ್ತು ಸೇವೆ ರಾತ್ರಿಯೂ ತೆರೆದಿರುತ್ತೆ. ಅಲ್ಲಿ ಮಕ್ಕಳು ಮತ್ತು ಹದಿಹರೆಯದವರ ಮನೋವೈದ್ಯಕ್ಕೆ ಪ್ರತ್ಯೇಕ ವಿಭಾಗವೇ ಇದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ. ನಮ್ಮ ಹುಡುಗಿಯದ್ದು ಯೋಚನೆ ಇತ್ತು, ತಯಾರಿ ಇರಲಿಲ್ಲ. ಅಕ್ಕ ಪಕ್ಕದಲ್ಲೇ ಮಲಗಿದಳು. ನಾನು ಬೆಳಗಿನ ಜಾವಕ್ಕೆ ಊರು ಸೇರಿದೆ. ಒಂಬತ್ತು ಗಂಟೆಗೆ ಜಿಲ್ಲಾಸ್ಪತ್ರೆಗೆ ಹೊರಡೋದು ಅಂತ ಆಯ್ತು.

ಹೊರಡೋ ಮುಂಚೆ ಅಡುಗೆಮನೆಯಲ್ಲಿ ಒಂದು ಸಣ್ಣ ಸಭೆ ನಡೀತು. ಅಜ್ಜಿಗೆ ಇದು ದೃಷ್ಟಿ, ದೇವಸ್ಥಾನಕ್ಕೆ ಹೋಗಿ ತಾಯಿತ ಕಟ್ಟಿಸಬೇಕು. ಭಾವನಿಗೆ ಪೊಲೀಸ್ ಕೇಸಿನ ಭಯ. ಅಕ್ಕನಿಗೆ, ಒಳಗೆ ಹಾಕಿಬಿಟ್ಟರೆ? ನಾಳೆ ಮದುವೆ ಟೈಮಲ್ಲಿ ಯಾರಾದ್ರೂ ಹುಚ್ಚಾಸ್ಪತ್ರೆಗೆ ಹೋಗಿದ್ಲು ಅಂದರೆ? ನಮ್ಮಂಥವರು ಉಪಯೋಗಕ್ಕೆ ಬರೋದು ಇಲ್ಲೇ. ವೈದ್ಯರ ಕೆಲಸ ನಮ್ಮಿಂದ ಆಗಲ್ಲ, ಆದರೆ ಈ ಭಯಗಳಿಗೆ ಉತ್ತರ ಮೊದಲೇ ಓದಿಟ್ಟುಕೊಳ್ಳಬಹುದು.

ಅಜ್ಜಿಗೆ ಹೇಳಿದ್ದು: ತಾಯಿತ ಕಟ್ಟು, ಬೇಡ ಅನ್ನಲ್ಲ, ಆದರೆ ಕಾರು ಮೊದಲು ಆಸ್ಪತ್ರೆಗೆ. ಅವರ ನಂಬಿಕೆ ಜೊತೆ ಜಗಳಕ್ಕೆ ಕೂತರೆ ಒಂದು ದಿನ ಅಲ್ಲೇ ಹೋಗುತ್ತೆ.

ಪೊಲೀಸ್ ಭಯ ಸುಮ್ಮನೆ ಬಂದಿದ್ದಲ್ಲ. ಹಳೇ ದಂಡಸಂಹಿತೆಯ 309ನೇ ಸೆಕ್ಷನ್ ಪ್ರಕಾರ ಆತ್ಮಹತ್ಯೆಯ ಪ್ರಯತ್ನವೇ ಅಪರಾಧವಾಗಿತ್ತು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಬಂದ ಮೇಲೆ ಅಂಥವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಶಿಕ್ಷೆ ಕೊಡುವ ಹಾಗಿಲ್ಲ, ಅವರ ಆರೈಕೆ ಸರ್ಕಾರದ ಹೊಣೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಹಳೇ ಸೆಕ್ಷನ್ನೇ ಇಲ್ಲ. ಪ್ರಯತ್ನ ನಡೆದಿದ್ದರೆ ಆಸ್ಪತ್ರೆಯವರು ಎಂಎಲ್‌ಸಿ ಅಂತ ದಾಖಲೆ ಬರೆಯಬಹುದು, ಆ ಭಯಕ್ಕೆ ಚಿಕಿತ್ಸೆ ತಡಮಾಡಬಾರದು. ಇನ್ನು ಸಾಯುವ ಯೋಚನೆ ಬರ್ತಿದೆ ಅಂತ ಡಾಕ್ಟರ ಹತ್ತಿರ ಹೋದರೆ ಅದರಲ್ಲಿ ಕೇಸೂ ಇಲ್ಲ, ಏನೂ ಇಲ್ಲ.

ಒಳಗೆ ಹಾಕಿಬಿಡ್ತಾರೆ ಅನ್ನೋದಕ್ಕೂ ಅದೇ ಕಾಯ್ದೆಯಲ್ಲಿ ಉತ್ತರ ಇದೆ. 18 ತುಂಬದವರನ್ನ ದಾಖಲು ಮಾಡಿದರೆ ದೊಡ್ಡವರ ವಾರ್ಡಿನಿಂದ ಬೇರೆ ಇಡಬೇಕು, ಅಪ್ಪ ಅಮ್ಮ, ಪೋಷಕರು ಅಥವಾ ಅವರು ನೇಮಿಸಿದವರು ಇಡೀ ಅವಧಿ ಜೊತೆಗೇ ಇರಬೇಕು. ವಿಷಯ ಗೋಪ್ಯವಾಗಿಡೋದು ಆಸ್ಪತ್ರೆಯ ಕರ್ತವ್ಯ. ದುಡ್ಡಿನ ಮಾತು ನಮ್ಮ ಮನೆಯಲ್ಲಿ ಬರಲಿಲ್ಲ, ಯಾಕಂದ್ರೆ ಜಿಲ್ಲಾಸ್ಪತ್ರೆ. ಆದರೆ ನಿಮಗೆ ಗೊತ್ತಿರಲಿ, ದೇಹದ ಕಾಯಿಲೆಗೆ ಕೊಡುವ ಹಾಗೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು ಅಂತ ಆ ಕಾಯ್ದೆ ಹೇಳುತ್ತೆ. ನಮ್ಮ ಕಂಪನಿ ಇನ್ಶೂರೆನ್ಸ್ ಕಾರ್ಡಿನಲ್ಲಿ ಮಾತ್ರ ಅಕ್ಕನ ಮಗಳು ಡಿಪೆಂಡೆಂಟ್ ಆಗಲ್ಲ. ಎಚ್‌ಆರ್‌ನವರ ಕೌನ್ಸೆಲಿಂಗ್ ಸೌಲಭ್ಯ ಸಾಮಾನ್ಯವಾಗಿ ನಮಗೂ ನಮ್ಮ ಹೆಂಡತಿ ಮಕ್ಕಳಿಗೂ ಮುಗಿಯುತ್ತೆ. ಊರಿನ ಮಕ್ಕಳಿಗೆ ದಾರಿ ಸರ್ಕಾರಿ ಆಸ್ಪತ್ರೆಯೇ.

ಆ ದಾರಿ ನಾವಂದುಕೊಂಡಷ್ಟು ಕೆಟ್ಟದಾಗಿಲ್ಲ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ಮಟ್ಟದಲ್ಲೇ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಕೊಡಬಹುದು ಅಂತ ನಿಮ್ಹಾನ್ಸಿನವರು 1980ರ ದಶಕದಲ್ಲಿ ಮಾಡಿ ತೋರಿಸಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ. ಅದೇ ಮಾದರಿ ಇಟ್ಟುಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯ್ತು. ಇವತ್ತು ಮನೋಚೈತನ್ಯ ಅನ್ನೋ ಹೆಸರಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬಂದು ಕೂರುವ ವ್ಯವಸ್ಥೆ ಇದೆ. ಊರಲ್ಲಿ ಹುಟ್ಟಿ ಬೆಳೆದ ನನಗೇ ಇದು ಗೊತ್ತಾಗಿದ್ದು ಆ ಜನವರಿಯಲ್ಲಿ.

ಜಿಲ್ಲಾಸ್ಪತ್ರೆಯಲ್ಲಿ ಕ್ಯೂ ಇತ್ತು, ಕುರ್ಚಿ ಇರಲಿಲ್ಲ. ಡಾಕ್ಟರು ನಮ್ಮ ಹತ್ತಿರ ಐದು ನಿಮಿಷ ಮಾತಾಡಿ ಎಲ್ಲರನ್ನೂ ಹೊರಗೆ ಕಳಿಸಿದರು. ಅವಳ ಜೊತೆ ಒಬ್ಬರೇ ಕೂತು ಮುಕ್ಕಾಲು ಗಂಟೆ ಮಾತಾಡಿದರು. ಭಾವನಿಗೆ ಇದು ಸರಿಬರಲಿಲ್ಲ. ಅಪ್ಪನ ಮುಂದೆ ಹೇಳಲಾಗದ್ದು ಏನಿರುತ್ತೆ ಅಂತ. ಏನು ಬೇಕಾದರೂ ಇರಬಹುದು. ಹಾಸ್ಟೆಲಿನಲ್ಲಿ ಯಾರೋ ಕೊಡೋ ಕಾಟ, ಪ್ರೀತಿ ಪ್ರೇಮ, ಯಾರೋ ಮೈಮುಟ್ಟಿದ್ದು, ಫೋನಿನಲ್ಲಿ ಯಾರೋ ಹೆದರಿಸ್ತಿರೋದು. ಕೆಲವು ಮಕ್ಕಳಿಗೆ ಮನೆಯೇ ಸಮಸ್ಯೆ ಆಗಿರುತ್ತೆ. ಅದಕ್ಕೇ ಡಾಕ್ಟರು ಒಬ್ಬರೇ ಕೂತು ಕೇಳೋದು, ಅದಕ್ಕೇ ಮಕ್ಕಳು ತಾವೇ ಮಾಡಬಹುದಾದ 1098 ಅನ್ನೋ ಮಕ್ಕಳ ಸಹಾಯವಾಣಿ ಇರೋದು. ಅದೂ ಉಚಿತ, ಅದೂ 24 ಗಂಟೆ.

ಡಾಕ್ಟರು ಇದು ಡಿಪ್ರೆಷನ್, ವಾಸಿಯಾಗುತ್ತೆ ಅಂದರು. ಮಾತ್ರೆ ಬರೆದರು, ವಾರಕ್ಕೊಮ್ಮೆ ಮನಶ್ಶಾಸ್ತ್ರಜ್ಞರ ಹತ್ತಿರ ಕೂರಬೇಕು ಅಂದರು. ಮಾತ್ರೆ ಕೆಲಸ ಮಾಡೋಕೆ ಕೆಲವು ವಾರ ಬೇಕು, ಮೊದಲ ವಾರಗಳಲ್ಲಿ ಹೆಚ್ಚು ಗಮನ ಇಡಿ, ಆರಾಮಾಯ್ತು ಅಂತ ನೀವೇ ನಿಲ್ಲಿಸಬೇಡಿ. ಇವಿಷ್ಟನ್ನ ಎರಡೆರಡು ಸಲ ಹೇಳಿದರು.

ಆಸ್ಪತ್ರೆಗೆ ಹೋಗಿಬಂದ ಮೇಲಿನ ತಿಂಗಳುಗಳೇ ಉದ್ದ. ಮೊದಲ ವಾರ ಮನೆ ತುಂಬ ನೆಂಟರು, ಹಣ್ಣು ಹಂಪಲು. ಮೂರನೇ ವಾರಕ್ಕೆ "ಇನ್ನೂ ಸರಿಹೋಗಿಲ್ವಾ" ಅನ್ನೋ ಮುಖಗಳು. ಫೆಬ್ರವರಿಯಲ್ಲಿ ಒಂದು ದಿನ ಚೆನ್ನಾಗಿ ನಗ್ತಾ ಇದ್ದಳು, ಮರುದಿನ ಹಾಸಿಗೆಯಿಂದ ಏಳಲಿಲ್ಲ. ಅಕ್ಕ ಅಳ್ತಾ ಫೋನ್ ಮಾಡಿದಳು, ಮತ್ತೆ ಶುರುವಾಯ್ತಲ್ಲೋ ಅಂತ. ವಾಸಿಯಾಗೋದು ಹಾಗೇ, ಎರಡು ಹೆಜ್ಜೆ ಮುಂದೆ ಒಂದು ಹಿಂದೆ. ನಾನು ದಿನಾ ಸಂಜೆ ಅವಳಿಗೆ ಫೋನ್ ಮಾಡುತ್ತಿದ್ದೆ. ಹೆಂಗಿದ್ದೀಯ ಅಂತ ಕೇಳುತ್ತಿರಲಿಲ್ಲ, ಆ ಪ್ರಶ್ನೆಗೆ ಆರಾಮು ಅನ್ನೋ ಸುಳ್ಳೇ ಉತ್ತರ. ನಾಯಿ ಎಷ್ಟು ಮರಿ ಹಾಕ್ತು, ಇವತ್ತು ಏನು ಸಾರು, ಇಂಥವೇ. ಒಂದು ದಿನ ಅವಳೇ "ಮಾವ, ಇವತ್ತು ಆ ಯೋಚನೆ ಬಂದಿತ್ತು, ಅಮ್ಮನಿಗೆ ಹೇಳ್ದೆ, ಹೋಯ್ತು" ಅಂದಳು. ಜ್ವರ ಬಂದಿತ್ತು, ಮಾತ್ರೆ ನುಂಗ್ದೆ, ಹೋಯ್ತು ಅಂದಹಾಗೆ.

ಕಾಲೇಜಿನವರು ಫಿಟ್‌ನೆಸ್ ಸರ್ಟಿಫಿಕೇಟ್ ಇಲ್ಲದೆ ಹಾಸ್ಟೆಲ್ಲಿಗೆ ಸೇರಿಸಲ್ಲ ಅಂದರು. ಪರವಾಗಿಲ್ಲ, ಮನೆಯಲ್ಲೇ ಓದಿದಳು. ಪಿಯು ಪರೀಕ್ಷೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ನಡೆಯುತ್ತೆ. ಮಾರ್ಚಿನದ್ದು ಬಿಟ್ಟು ಪರೀಕ್ಷೆ-2 ಬರೆದಳು. ಇಂಜಿನಿಯರಿಂಗ್ ಬೇಡ ಅಂದಳು, ಈಗ ಬಿಎಸ್ಸಿ ಓದ್ತಿದ್ದಾಳೆ. ಇದನ್ನೆಲ್ಲ ಅವಳನ್ನ ಕೇಳಿಯೇ ಬರೆದಿದ್ದೇನೆ. ಹೆಸರು, ಊರು, ಕಾಲೇಜು ಮಾತ್ರ ಬೇಡ ಅಂದಳು.

ಅವಳ ರೂಮ್‌ಮೇಟ್ ಒಬ್ಬಳು ಬಾಯಿಬಿಟ್ಟಳು ಅಂತ ಇದೆಲ್ಲ ಆಯ್ತು. ಎಲ್ಲ ಮಕ್ಕಳಿಗೂ ಅಂಥ ಗೆಳತಿ ಸಿಗಲ್ಲ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಕ್ಕಳಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡುಬಂದಿತ್ತು. ಅಂದರೆ ಐವತ್ತು ಮಕ್ಕಳ ಒಂದು ಕ್ಲಾಸಿನಲ್ಲಿ ಮೂರು ನಾಲ್ಕು ಮಕ್ಕಳು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಲ್ಲಿ 2022ರಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ ವಿದ್ಯಾರ್ಥಿಗಳು 13,044. ಫಲಿತಾಂಶದ ಮರುದಿನ ಪೇಪರಿನಲ್ಲಿ ಫೇಲಾಗಿದ್ದಕ್ಕೆ ಅಂತ ಒಂದು ಸಾಲಿನ ಕಾರಣ ಬರುತ್ತೆ. ಯಾವ ಮಗುವಿನ ವಿಷಯದಲ್ಲೂ ಕಾರಣ ಒಂದೇ ಇರಲ್ಲ, ಒಂದೇ ದಿನದ್ದೂ ಇರಲ್ಲ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಶಿಕ್ಷಣ ಸಂಸ್ಥೆಗಳಿಗೆ ಮಾರ್ಗಸೂಚಿ ಕೊಟ್ಟಿದೆ. ನೂರು ಅಥವಾ ಅದಕ್ಕಿಂತ ಹೆಚ್ಚು ಮಕ್ಕಳಿರುವ ಕಡೆ ತರಬೇತಿ ಪಡೆದ ಸಮಾಲೋಚಕರಿರಬೇಕು, ಸಹಾಯವಾಣಿ ಸಂಖ್ಯೆಗಳನ್ನ ಹಾಸ್ಟೆಲ್ ಮತ್ತು ಕ್ಲಾಸ್‌ರೂಮಿನಲ್ಲಿ ದೊಡ್ಡದಾಗಿ ಹಾಕಬೇಕು, ಸಾಧ್ಯವಾದಷ್ಟು ಮಾರ್ಕ್ಸ್ ನೋಡಿ ಮಕ್ಕಳನ್ನ ಬ್ಯಾಚ್ ಬ್ಯಾಚ್ ಮಾಡಬಾರದು. ನಿಮ್ಮ ತಮ್ಮನನ್ನೋ ಅಣ್ಣನ ಮಗಳನ್ನೋ ಕಾಲೇಜಿಗೆ ಸೇರಿಸೋಕೆ ಹೋದಾಗ ಮೆಸ್ ಹೇಗಿದೆ ಅಂತ ನೋಡ್ತೀರಲ್ಲ, ಕೌನ್ಸೆಲರ್ ರೂಮ್ ಎಲ್ಲಿದೆ ಅಂತಲೂ ಒಂದು ಮಾತು ಕೇಳಿ.

ಊರಿನ ಮನೆಗಳಲ್ಲಿ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ನೇತುಹಾಕಿದ ಮೊಳೆಯ ಪಕ್ಕ ಗೋಡೆ ಮೇಲೆ ಪೆನ್ಸಿಲಿನಲ್ಲಿ ಒಂದಷ್ಟು ನಂಬರ್ ಬರೆದಿರುತ್ತಾರೆ. ಲೈನ್‌ಮನ್, ಗ್ಯಾಸಿನವನು, ಡೈರಿ ಸೆಕ್ರೆಟರಿ, ಬೆಂಗಳೂರಿನ ನೀವು. ಮುಂದಿನ ಸಲ ಹಬ್ಬಕ್ಕೆ ಹೋದಾಗ ನಿಮ್ಮ ನಂಬರಿನ ಕೆಳಗೆ 14416 ಮತ್ತು 1098 ಬರೆದು ಬನ್ನಿ. ಯಾರದ್ದು ಅಂತ ಕೇಳಿದರೆ ಮನೆಯವರೆಲ್ಲ ಇರುವಾಗಲೇ, ಮಕ್ಕಳಿಗೂ ಕೇಳೋ ಹಾಗೆ ಹೇಳಿ. ಅಜ್ಜಿ ಬಿಡ್ತು ಅನ್ನು ಅಂದರೆ ನಕ್ಕು, ಆದರೂ ಹೇಳಿ ಮುಗಿಸಿ.